ನನ್ನ ಗಿರಾಕಿ ಮೇಲೆ ನಾನೇ ದೂರು ಕೊಡಬೇಕಾ? ಎಂಎಸ್‌ಎಂಇ ಸಚಿವರಿಗೆ ಒಂದು ಬಹಿರಂಗ ಪತ್ರ

ಕೇಂದ್ರದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮ ಸಚಿವರಿಗೆ,
ಪ್ರತಿ: ಕರ್ನಾಟಕದ ಕೈಗಾರಿಕಾ ಸಚಿವರಿಗೆ, ಮತ್ತು ನಮ್ಮ ಹಾಗೆ ಒಂದು ಶೆಡ್ಡು, ನಾಲ್ಕು ಮಷೀನು ಇಟ್ಟುಕೊಂಡವರಿಗೆಲ್ಲ

ನಮಸ್ಕಾರ.

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಮಷೀನ್ ಶಾಪ್. ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ, ಮೂಲೆಯಲ್ಲಿ ಅಪ್ಪನ ಕಾಲದ ಎಚ್‌ಎಂಟಿ ಲೇತ್. ಏಳು ಜನ ಕೆಲಸಕ್ಕಿದ್ದಾರೆ. ಮಷೀನ್ ಕಡೆ ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಬಿಲ್ಲು, ಬ್ಯಾಂಕು, ಜಿಎಸ್‌ಟಿ, ಫೋನ್ ಮಾಡಿ ದುಡ್ಡು ಕೇಳುವುದು ನನ್ನ ಪಾಲು. ಹನ್ನೊಂದು ವರ್ಷ ಆಯ್ತು. ಶುರು ಮಾಡುವಾಗ ಲೆಕ್ಕ ಬರೆಯುವುದೇ ಕೆಲಸ ಅಂದುಕೊಂಡಿದ್ದೆ. ದಿನದ ಅರ್ಧ ಹೊತ್ತು ಹೋಗುವುದು ದುಡ್ಡು ಕೇಳುವುದಕ್ಕೇ ಅಂತ ಆಮೇಲೆ ಗೊತ್ತಾಯಿತು.

ಒಂದೇ ಒಂದು ಬಿಲ್ಲಿನ ಕತೆ ಹೇಳುತ್ತೇನೆ.

ಆಗಸ್ಟ್ ಮೊದಲ ವಾರ ಒಂದು ದೊಡ್ಡ ಪಾರ್ಟಿಗೆ ಬುಷ್ ಮತ್ತು ಫ್ಲ್ಯಾಂಜ್ ಅನ್ನುವ ಬಿಡಿಭಾಗ ಕಳಿಸಿದೆವು. ಮಾಲಿನ ಬೆಲೆ 4 ಲಕ್ಷ. ಶೇ 18 ಜಿಎಸ್‌ಟಿ ಸೇರಿ ಬಿಲ್ಲು 4,72,000. ಅವರ ಗೇಟಿನಲ್ಲಿ ಸೆಕ್ಯುರಿಟಿಯವರು ಚಲನ್ ಮೇಲೆ ಒಂದು ನೀಲಿ ಸೀಲ್ ಒತ್ತುತ್ತಾರೆ: ಮಾಲು ಬಂದಿದೆ, ತಪಾಸಣೆ ಬಾಕಿ. ತಾರೀಕನ್ನು ಪೆನ್ನಿನಲ್ಲಿ ಬರೆಯಬೇಕು. ಮನಸ್ಸಿದ್ದರೆ ಬರೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ನಮ್ಮ ಟೆಂಪೋ ಡ್ರೈವರ್‌ಗೆ ಅದನ್ನು ಕೇಳುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು, ಹಿಂದೆ ಇನ್ನೂ ನಾಲ್ಕು ಗಾಡಿ ಹಾರ್ನ್ ಹೊಡೆಯುತ್ತಿರುತ್ತವೆ.

ಸೆಪ್ಟೆಂಬರ್‌ನಲ್ಲಿ ಫೋನ್ ಮಾಡಿದೆ. "ಮೇಡಂ, ಸಿಸ್ಟಮ್‌ನಲ್ಲಿ ಇನ್ನೂ ಜಿಆರ್‌ಎನ್ ಆಗಿಲ್ಲ." ಅಂದರೆ ಮಾಲು ಬಂದಿದೆ ಅಂತ ಅವರ ಕಂಪ್ಯೂಟರಿಗೆ ಗೊತ್ತಿಲ್ಲ. ಅಷ್ಟು ಹೊತ್ತಿಗೆ ನಮ್ಮ ಬುಷ್‌ಗಳು ಅವರ ಪಂಪಿನೊಳಗೆ ಕೂತು, ಪ್ಯಾಕ್ ಆಗಿ, ಬೇರೆ ರಾಜ್ಯಕ್ಕೆ ಹೊರಟಾಗಿತ್ತು. ಇದು ನನಗೆ ಹೇಗೆ ಗೊತ್ತು ಅಂದ್ರೆ, ಅವರ ಸ್ಟೋರ್ಸ್‌ನವರೇ ತಮ್ಮನಿಗೆ ಫೋನ್ ಮಾಡಿ "ಇನ್ನೊಂದು ಲಾಟ್ ಬೇಗ ಕಳಿಸಿ, ಲೈನ್ ನಿಲ್ಲುತ್ತೆ" ಅಂದಿದ್ದರು. ಒಂದೇ ಕಟ್ಟಡದಲ್ಲಿ ಸ್ಟೋರ್ಸ್‌ಗೆ ಮಾಲು ಮುಗಿದಿದೆ, ಅಕೌಂಟ್ಸ್‌ಗೆ ಮಾಲು ಬಂದೇ ಇಲ್ಲ!

ಅದೇ ಸೆಪ್ಟೆಂಬರ್ 25ರೊಳಗೆ ನಾನು ಆಗಸ್ಟ್ ತಿಂಗಳ ಜಿಎಸ್‌ಟಿ ಕಟ್ಟಿದೆ. ಕಬ್ಬಿಣದ ಮೇಲೆ ಕಟ್ಟಿದ ತೆರಿಗೆ ಕಳೆದು ಉಳಿದದ್ದು ನನ್ನ ಕೈಯಿಂದಲೇ, ಅಂದರೆ ಒಡಿ (ಓವರ್‌ಡ್ರಾಫ್ಟ್) ಸಾಲದ ಅಕೌಂಟಿನಿಂದ. ಒಡಿಗೆ ಬ್ಯಾಂಕು ದಿನದ ಲೆಕ್ಕದಲ್ಲಿ ಬಡ್ಡಿ ಹಾಕುತ್ತದೆ. ಬರದೇ ಇರುವ ದುಡ್ಡಿನ ತೆರಿಗೆಯನ್ನು ಸಾಲ ಮಾಡಿ ಕಟ್ಟುವುದು ನಮ್ಮಲ್ಲಿ ಎಷ್ಟು ಮಾಮೂಲು ಅಂದ್ರೆ, ಯಾರೂ ಅದನ್ನು ಮಾತಿಗೂ ತೆಗೆಯುವುದಿಲ್ಲ. ಹಳೆಯ ಸೇವಾ ತೆರಿಗೆ ಕಾಲದಲ್ಲಿ 50 ಲಕ್ಷದೊಳಗೆ ವ್ಯವಹಾರ ಇದ್ದ ವ್ಯಕ್ತಿಗಳು, ಪಾಲುದಾರಿಕೆ ಸಂಸ್ಥೆಗಳು ದುಡ್ಡು ಕೈಗೆ ಬಂದ ಮೇಲೆ ತೆರಿಗೆ ಕಟ್ಟಬಹುದಿತ್ತು. ಜಿಎಸ್‌ಟಿ ಬಂದಾಗ ಆ ಸೌಲಭ್ಯ ಹೋಯಿತು.

ಬಿಲ್ಲಿನ ದುಡ್ಡು ಬಂದದ್ದು 131ನೇ ದಿನ.

ಸಚಿವರೇ, ಕಾನೂನು ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಾನೂನು ಚೆನ್ನಾಗಿಯೇ ಇದೆ, ಅದೇ ನನ್ನ ಹೊಟ್ಟೆ ಉರಿ. 2006ರ ಎಂಎಸ್‌ಎಂಇಡಿ ಕಾಯ್ದೆಯನ್ನು, ಅಂದರೆ ನಮ್ಮಂಥ ಉದ್ಯಮಗಳ ಅಭಿವೃದ್ಧಿಗೆ ಅಂತ ಮಾಡಿದ ಕಾಯ್ದೆಯನ್ನು, ನಾನು ಸಾಲು ಸಾಲಾಗಿ ಓದಿದ್ದೇನೆ. ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ತೆಗೆದುಕೊಂಡವರು ಮಾತಾದ ದಿನದೊಳಗೆ ದುಡ್ಡು ಕೊಡಬೇಕು. ಏನೂ ಮಾತಾಗಿಲ್ಲದಿದ್ದರೆ 15 ದಿನ. ಪರ್ಚೇಸ್ ಆರ್ಡರ್‌ನಲ್ಲಿ 90 ದಿನ, 120 ದಿನ ಅಂತ ಅಚ್ಚು ಹಾಕಿಸಿದ್ದರೂ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಆ ಬಡ್ಡಿಯನ್ನು ಅವರು ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವ ಹಾಗೂ ಇಲ್ಲ.

ನೀಲಿ ಸೀಲಿನ ಆಟಕ್ಕೂ ಕಾಯ್ದೆಯಲ್ಲಿ ಉತ್ತರ ಇದೆ. ಮಾಲಿನ ಬಗ್ಗೆ ತಕರಾರು ಇದ್ದರೆ ಡೆಲಿವರಿ ಆದ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಬೇಕು. ಹೇಳದಿದ್ದರೆ ಡೆಲಿವರಿ ಆದ ದಿನವೇ ಒಪ್ಪಿಕೊಂಡ ದಿನ. ಅವರ ಕಂಪ್ಯೂಟರಿನಲ್ಲಿ ಜಿಆರ್‌ಎನ್ ಆಯ್ತೋ ಇಲ್ಲವೋ ಅದು ಅವರ ಮನೆ ವಿಷಯ.

ಹಾಗಾದರೆ ನನ್ನ ಬಿಲ್ಲಿಗೆ ಬಡ್ಡಿ ಎಷ್ಟು? ಬ್ಯಾಂಕ್ ದರ ಶೇ 5.5 ಅಂತ ಹಿಡಿದರೆ ಮೂರು ಪಟ್ಟು ಶೇ 16.5. ತಡವಾದ 86 ದಿನಕ್ಕೆ ಸುಮಾರು 18 ಸಾವಿರ ಚಿಲ್ಲರೆ. ನಮ್ಮ ಶೆಡ್ಡಿನಲ್ಲಿ ಒಬ್ಬ ಹೆಲ್ಪರ್‌ನ ತಿಂಗಳ ಸಂಬಳ ಅದು.

ನಾನು ಕೇಳಿದೆನಾ? ಕೇಳಲಿಲ್ಲ.

ಒಂದು ಸಲ, ಬೇರೆ ಬಿಲ್ಲಿಗೆ, ಧೈರ್ಯ ಮಾಡಿ ಇಮೇಲ್ ಬರೆದಿದ್ದೆ. ಬಡ್ಡಿ ಕೊಡಿ ಅಂತಲೂ ಅಲ್ಲ, 45 ದಿನ ದಾಟಿದೆ, ಕಾಯ್ದೆ ಹೀಗಿದೆ, ದಯವಿಟ್ಟು ಗಮನಿಸಿ ಅಂತ ಅಷ್ಟೇ. ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ಪರ್ಚೇಸ್‌ನವರು ತಮ್ಮನಿಗೆ ಫೋನ್ ಮಾಡಿದರು. ತುಂಬ ಪ್ರೀತಿಯಿಂದ ಮಾತಾಡಿದರು. "ನಿಮ್ಮ ಅಕ್ಕ ಲಾಯರ್ ಏನ್ರೀ?" ಅಂದರು. ಮುಂದಿನ ಎರಡು ತಿಂಗಳು ಆ ಪಾರ್ಟಿಯಿಂದ ಆರ್ಡರ್ ಅರ್ಧಕ್ಕೆ ಇಳಿಯಿತು. ಯಾರೂ ಬಯ್ಯಲಿಲ್ಲ, ಬೆದರಿಸಲಿಲ್ಲ. ತಮ್ಮ ಖಾಲಿ ನಿಂತ ಮಷೀನ್ ಒರೆಸುತ್ತಾ "ಅಕ್ಕಾ, ಇನ್ನು ಕಾಯ್ದೆ ಗೀಯ್ದೆ ಬೇಡ" ಅಂದ. ನಾನು ಸುಮ್ಮನಾದೆ.

ಕಾಯ್ದೆ ಮಾಡಿದವರು ಯೋಚಿಸದೇ ಇದ್ದದ್ದು ಇದು. ದುಡ್ಡು ಬರಲಿಲ್ಲ ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಿ ಅಂತೀರಿ. 2017ರಲ್ಲಿ ಸಮಾಧಾನ್ ಪೋರ್ಟಲ್ ಬಂದಾಗಿನಿಂದ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಅಲ್ಲಿಂದ ಇಂಥ ಬಾಕಿ ತಕರಾರು ತೀರಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲಿದೆ. ಕೌನ್ಸಿಲ್ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಎದುರು ಪಾರ್ಟಿ ಮೊದಲು ಶೇ 75 ದುಡ್ಡು ಕಟ್ಟಬೇಕು. ಎಲ್ಲ ಸರಿ. ಆದರೆ ಮೊದಲ ಬಟನ್ ಒತ್ತಬೇಕಾದವಳು ನಾನು. ಎದುರಿಗಿರುವವನು ಕಳ್ಳನಲ್ಲ, ನನ್ನ ಗಿರಾಕಿ. ನಮ್ಮ ವ್ಯಾಪಾರದಲ್ಲಿ ಹತ್ತಕ್ಕೆ ಆರು ರೂಪಾಯಿ ಅವನಿಂದಲೇ ಬರುತ್ತದೆ. ಅವನ ಮೇಲೆ ದೂರು ಕೊಟ್ಟು ಗೆದ್ದೆ ಅಂತಲೇ ಇಟ್ಟುಕೊಳ್ಳಿ. ಮಾರನೇ ದಿನ ಮಷೀನಿಗೆ ಏನು ಹಾಕಲಿ?

ಅದಕ್ಕೇ ನಮ್ಮ ರಸ್ತೆಯಲ್ಲಿ ದೂರು ಕೊಡುವವರು ಯಾರು ಅಂದ್ರೆ ಒಂದೋ ಆ ಪಾರ್ಟಿ ಜೊತೆ ವ್ಯವಹಾರ ಮುರಿದುಕೊಂಡವರು, ಇಲ್ಲಾ ಶೆಡ್ಡೇ ಮುಚ್ಚಿದವರು.

2023ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಅನ್ನುವ ಸೆಕ್ಷನ್ ಸೇರಿಸಿದಾಗ ನನಗೆ ನಿಜವಾಗಿಯೂ ಖುಷಿಯಾಗಿತ್ತು. ಮೊದಲ ಸಲ ಸರ್ಕಾರ "ನೀನು ದೂರು ಕೊಡಬೇಡಮ್ಮ, ನಾನೇ ನೋಡ್ಕೋತೀನಿ" ಅಂದ ಹಾಗಿತ್ತು. ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ದುಡ್ಡು ಕೊಡದಿದ್ದರೆ, ಕೊಟ್ಟ ವರ್ಷದಲ್ಲಷ್ಟೇ ಅದು ಖರ್ಚು. ಬಾಕಿ ಇಟ್ಟುಕೊಂಡರೆ ಆ ಮೊತ್ತ ಅವರ ಲಾಭಕ್ಕೆ ಸೇರಿ ತೆರಿಗೆ ಬೀಳುತ್ತದೆ. 2024ರ ಮಾರ್ಚ್‌ನಲ್ಲಿ ಅದರ ಬಿಸಿ ನೋಡಿದೆ. ಎಂದೂ ಫೋನ್ ಎತ್ತದ ಅಕೌಂಟ್ಸ್‌ನವರು ತಾವೇ ಫೋನ್ ಮಾಡಿ ಉದ್ಯಮ್ ಸರ್ಟಿಫಿಕೇಟ್ (ನಮ್ಮದು ಸಣ್ಣ ಉದ್ಯಮ ಅಂತ ಸರ್ಕಾರ ಕೊಡುವ ನೋಂದಣಿ ಪತ್ರ) ಕೇಳಿದರು. ಮಾರ್ಚ್ 28, 29ಕ್ಕೆ ಹಳೆಯ ಬಾಕಿ ದಬದಬ ಬಂತು. ಯುಗಾದಿಗೆ ಮೊದಲೇ ಯುಗಾದಿ.

ಏಪ್ರಿಲ್‌ನಲ್ಲಿ ಮತ್ತೆ ಹಳೇ ಹಾಡು. ಯಾಕೆ ಅಂತ ನಮ್ಮ ಆಡಿಟರ್ ಬಿಡಿಸಿ ಹೇಳಿದರು. ಏಪ್ರಿಲ್‌ನಲ್ಲಿ ಮಾಲು ತೆಗೆದುಕೊಂಡು, ಹನ್ನೊಂದು ತಿಂಗಳು ಆಟ ಆಡಿಸಿ, ಮುಂದಿನ ಮಾರ್ಚ್ 31ಕ್ಕೆ ದುಡ್ಡು ಕೊಟ್ಟರೂ ಅದು ಅದೇ ಹಣಕಾಸು ವರ್ಷ. ಖರ್ಚು ಪೂರ್ತಿ ಸಿಗುತ್ತದೆ. ಆದಾಯ ತೆರಿಗೆಯಲ್ಲಿ ಒಂದು ಪೈಸೆ ನಷ್ಟ ಇಲ್ಲ. ವರ್ಷಕ್ಕೆ ಒಂದೇ ದಿನ ಕಚ್ಚುವ ನಾಯಿ ಇದು, ಉಳಿದ 364 ದಿನ ಬಾಲ ಅಲ್ಲಾಡಿಸುತ್ತದೆ. ಇನ್ನೊಬ್ಬ ಪಾರ್ಟಿಯವರಂತೂ "ನಿಮ್ಮ ಉದ್ಯಮ್ ನೋಂದಣಿ ರದ್ದು ಮಾಡಿಸಿಕೊಳ್ಳಿ ಮೇಡಂ, ನಿಮಗೂ ತಲೆನೋವಿಲ್ಲ ನಮಗೂ ಇಲ್ಲ" ಅಂತ ಫೋನಿನಲ್ಲೇ ಸಲಹೆ ಕೊಟ್ಟರು. ಇಂಥದ್ದನ್ನು ಯಾರೂ ಬರವಣಿಗೆಯಲ್ಲಿ ಕೊಡುವುದಿಲ್ಲ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಹೊಸ ಕಾಯ್ದೆ ಬೇಡ, ಹೊಸ ಪೋರ್ಟಲ್ ಅಂತೂ ಬೇಡವೇ ಬೇಡ. ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲು ನನಗೆ ಇನ್ನು ಜಾಗ ಇಲ್ಲ. ಗಡಿಯಾರ ತಾನಾಗಿ ಓಡುವ ಹಾಗೆ ಮಾಡಿ, ಸಾಕು.

ಅದಕ್ಕೆ ಬೇಕಾದ ಮಾಹಿತಿ ಎಲ್ಲ ಸರ್ಕಾರದ ಹತ್ತಿರವೇ ಇದೆ. ನಾನು ರಿಟರ್ನ್‌ನಲ್ಲಿ ಹಾಕಿದ ಬಿಲ್ಲು ಗಿರಾಕಿಯ ಜಿಎಸ್‌ಟಿ ಪರದೆಯಲ್ಲಿ ಕಾಣುತ್ತದೆ. 2024ರ ಅಕ್ಟೋಬರ್‌ನಿಂದ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬಂದಿದೆ. ಅಲ್ಲಿ ಅವರು ನನ್ನ ಬಿಲ್ಲನ್ನು ಒಪ್ಪಬೇಕು, ಇಲ್ಲಾ ತಿರಸ್ಕರಿಸಬೇಕು, ಇಲ್ಲಾ ಬಾಕಿ ಇಡಬೇಕು. ಏನೂ ಮಾಡದಿದ್ದರೆ ಒಪ್ಪಿದ ಹಾಗೆ. ನನ್ನ ಬಿಲ್ಲು ತೋರಿಸಿ ಸರ್ಕಾರದಿಂದ ತೆರಿಗೆ ಜಮಾ ತೆಗೆದುಕೊಳ್ಳುವಾಗ, ಅಂದರೆ ಬಿಲ್ಲಿನಲ್ಲಿರುವ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವಾಗ, ಮಾಲು ಬಂದಿದೆ ಅನ್ನುತ್ತಾರೆ. ನನಗೆ ದುಡ್ಡು ಕೊಡುವಾಗ ಜಿಆರ್‌ಎನ್ ಆಗಿಲ್ಲ ಅನ್ನುತ್ತಾರೆ. ಈ ಎರಡು ಮಾತನ್ನು ಒಟ್ಟಿಗೆ ಇಟ್ಟು ನೋಡುವವರು ಯಾರೂ ಇಲ್ಲ, ಅಲ್ವಾ? ಜಮಾ ತೆಗೆದುಕೊಂಡರೆ ಮಾಲು ಒಪ್ಪಿದ ಹಾಗೆ ಅಂತ ಒಂದು ಸಾಲು ಬರೆಯಿರಿ. ಉದ್ಯಮ್ ನಂಬರ್ ಇರುವ ಜಿಎಸ್‌ಟಿ ನಂಬರ್‌ನ ಬಿಲ್ಲು ಅಂದರೆ 46ನೇ ದಿನದಿಂದ ಬಡ್ಡಿ ಎಣಿಕೆ ಅಲ್ಲೇ ಕಾಣಲಿ. ದುಡ್ಡು ಕೊಟ್ಟ ತಾರೀಕನ್ನು ಅವರೇ ತುಂಬಲಿ. ನಾನು ಬಾಯಿ ಬಿಡುವ ಅಗತ್ಯವೇ ಬರಬಾರದು.

ಜಿಎಸ್‌ಟಿ ಕಾಯ್ದೆಯಲ್ಲೇ ಇದಕ್ಕೆ ಹತ್ತಿರದ ಒಂದು ನಿಯಮ ಇದೆ. ಬಿಲ್ಲಿನ ತಾರೀಕಿನಿಂದ 180 ದಿನದೊಳಗೆ ಮಾರಿದವರಿಗೆ ದುಡ್ಡು ಕೊಡದಿದ್ದರೆ, ತೆಗೆದುಕೊಂಡ ತೆರಿಗೆ ಜಮಾವನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಒಂದು ಕಾಯ್ದೆ 45 ಅನ್ನುತ್ತದೆ, ಇನ್ನೊಂದು 180. ಅಕೌಂಟ್ಸ್ ಮ್ಯಾನೇಜರ್ ಹೆದರುವುದು ಎರಡನೆಯದಕ್ಕೆ, ಯಾಕಂದ್ರೆ ಅಲ್ಲಿ ಕೇಳುವವನು ಸರ್ಕಾರ. ನೋಡಿ, ನಮ್ಮ ಎಷ್ಟೋ ಬಿಲ್ಲು 170ನೇ ದಿನದ ಆಸುಪಾಸಿನಲ್ಲಿ ಪವಾಡದ ಹಾಗೆ ಪಾಸಾಗುತ್ತವೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ, ಸಣ್ಣ ಉದ್ಯಮದ ಬಿಲ್ಲಿಗೆ ಆ 180ನ್ನು 45 ಮಾಡಿ. ಒಂದೇ ಒಂದು ಅಂಕಿ. ಇದು ನಿಮ್ಮ ಖಾತೆಯ ಕೆಲಸವಲ್ಲ, ಹಣಕಾಸು ಸಚಿವಾಲಯ ಮತ್ತು ಜಿಎಸ್‌ಟಿ ಮಂಡಳಿಯದ್ದು ಅಂತ ಗೊತ್ತು. ಆದರೆ ನಮ್ಮ ಪರವಾಗಿ ಅಲ್ಲಿ ಹೋಗಿ ಕೇಳಬೇಕಾದವರು ನೀವೇ. ನಮ್ಮ ರಾಜ್ಯದ ಸಚಿವರಿಗೆ ಪ್ರತಿ ಕಳಿಸಿದ್ದೂ ಅದಕ್ಕೇ, ಮಂಡಳಿಯಲ್ಲಿ ಕರ್ನಾಟಕಕ್ಕೂ ಒಂದು ಕುರ್ಚಿ ಇದೆ.

ಇನ್ನೊಂದು ವಿಷಯ. ಸಣ್ಣ ಉದ್ಯಮಕ್ಕೆ 45 ದಿನಕ್ಕಿಂತ ಜಾಸ್ತಿ ಬಾಕಿ ಇಟ್ಟ ಕಂಪನಿಗಳು ಆರು ತಿಂಗಳಿಗೊಮ್ಮೆ ಎಂಎಸ್‌ಎಂಇ-1 ಅನ್ನುವ ಫಾರಂ ಸಲ್ಲಿಸಬೇಕು. 2019ರಿಂದ ಈ ನಿಯಮ ಇದೆ. ಯಾರಿಗೆ ಎಷ್ಟು ಬಾಕಿ, ಯಾಕೆ ತಡ ಅಂತ ಅವರೇ ಬರೆದು ಕೊಡುತ್ತಾರೆ. ಅಂದರೆ ಬಾಕಿದಾರರ ಪಟ್ಟಿ ಸರ್ಕಾರದ ಕೈಯಲ್ಲೇ ಇದೆ. ಪಟ್ಟಿ ಕೈಯಲ್ಲಿಟ್ಟುಕೊಂಡು "ಯಾರಾದರೂ ದೂರು ಕೊಟ್ಟರೆ ನೋಡೋಣ" ಅಂದರೆ ಹೇಗೆ? ಅದರಲ್ಲಿ ಯಾವ ಕಾರಣ ಬರೆಯುತ್ತಾರೋ ನೋಡುವ ಕುತೂಹಲ ನನಗೆ ಬಹಳ.

ಬಿಲ್ಲಿನ ಮೇಲೆ ಬೇಗ ದುಡ್ಡು ಕೊಡಿಸುವ ಆನ್‌ಲೈನ್ ವೇದಿಕೆ ಟ್ರೆಡ್ಸ್ ಬಗ್ಗೆ ಹೇಳದೆ ಹೋದರೆ ನೀವು "ಅದು ಇದೆಯಲ್ಲ" ಅನ್ನುತ್ತೀರಿ. ಒಳ್ಳೆಯ ಏರ್ಪಾಡು, ಒಪ್ಪುತ್ತೇನೆ. ಬಿಲ್ಲನ್ನು ಅಲ್ಲಿ ಹಾಕಿದರೆ ಬ್ಯಾಂಕುಗಳು ಹರಾಜು ಕೂಗಿ ಸ್ವಲ್ಪ ಬಡ್ಡಿ ಹಿಡಿದು ದುಡ್ಡು ಕೊಡುತ್ತವೆ. ಗಿರಾಕಿ ಕೊಡದೆ ಹೋದರೂ ನನ್ನ ಕೊರಳಿಗೆ ಬರುವುದಿಲ್ಲ. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಅಲ್ಲಿ ನೋಂದಣಿ ಮಾಡಿಸಲೇಬೇಕು ಅಂತ ನೀವೇ 2024ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿದಿರಿ. ನೋಂದಣಿ ಕಡ್ಡಾಯ, ನನ್ನ ಬಿಲ್ಲನ್ನು ಅಲ್ಲಿ ಒಪ್ಪುವುದು ಕಡ್ಡಾಯ ಅಲ್ಲ. ಮದುವೆ ಮನೆಗೆ ಬಂದು ಊಟಕ್ಕೆ ಕೂರದ ಹಾಗೆ.

ಇಷ್ಟು ಹೊತ್ತು ನಿಮಗೆ ಹೇಳಿದೆ. ಈಗ ಪ್ರತಿ ಕಳಿಸಿದವರಿಗೆ, ಅಂದರೆ ನನ್ನ ಪೈಕಿಯವರಿಗೆ ನಾಲ್ಕು ಮಾತು. ಸಚಿವರು ಬೇಕಾದರೆ ಕೇಳಿಸಿಕೊಳ್ಳಲಿ.

ಉದ್ಯಮ್ ನೋಂದಣಿ ಇವತ್ತೇ ಮಾಡಿಸಿ. ದುಡ್ಡಿಲ್ಲ ಕಾಸಿಲ್ಲ, ಆಧಾರ್, ಪ್ಯಾನ್ ಸಾಕು. ಏಜೆಂಟ್ ಕೇಳಿದ ಎರಡು ಸಾವಿರ ಕೊಡಬೇಡಿ. ನಾವು 2020ರಲ್ಲೇ ಮಾಡಿಸಬೇಕಿತ್ತು, 2022ರವರೆಗೆ ಇವತ್ತು ನಾಳೆ ಅಂತ ದೂಡಿದೆವು. ನೋಂದಣಿಗೆ ಮೊದಲು ಕಳಿಸಿದ ಮಾಲಿಗೆ ಈ ಕಾಯ್ದೆಯ ರಕ್ಷಣೆ ಸಿಗದು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು. 2025ರ ಜನವರಿಯಲ್ಲಿ ಇನ್ನೊಂದು ಪೀಠ ಈ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿದೆ. ಆ ತೀರ್ಪು ಏನೇ ಬರಲಿ, ನೀವು ಅದನ್ನು ಕಾಯುತ್ತಾ ಕೂರಬೇಡಿ. ನಂಬರನ್ನು ಬಿಲ್ಲಿನ ಮೇಲೆ, ಚಲನ್ ಮೇಲೆ ಅಚ್ಚು ಹಾಕಿಸಿ. ನಮಗೆ ಇವರು ಸಣ್ಣ ಉದ್ಯಮ ಅಂತ ಗೊತ್ತೇ ಇರಲಿಲ್ಲ ಅಂತ ಯಾರೂ ಹೇಳಬಾರದು.

ಬರೀ ಕೊಂಡು ಮಾರುವ ಅಂಗಡಿಯವರಿಗೆ ಒಂದು ಎಚ್ಚರ. 2021ರಿಂದ ನಿಮಗೂ ಉದ್ಯಮ್ ಸರ್ಟಿಫಿಕೇಟ್ ಸಿಗುತ್ತದೆ, ಆದರೆ ಅದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. 45 ದಿನದ ರಕ್ಷಣೆ ಅದರಲ್ಲಿ ಇಲ್ಲ. ಎಷ್ಟೋ ಜನಕ್ಕೆ ಇದು ಗೊತ್ತಾಗುವುದು ಅರ್ಜಿ ತಿರಸ್ಕಾರ ಆದ ಮೇಲೆ.

ಚಲನ್ ಮೇಲೆ ತಾರೀಕು ಬರೆಸಿಕೊಳ್ಳದೆ ಗಾಡಿ ತಿರುಗಿಸಬೇಡಿ. ಈಗ ನಮ್ಮ ಡ್ರೈವರ್ ಸೀಲಿನ ಫೋಟೋ ತೆಗೆದು ಗೇಟಿನಿಂದಲೇ ನನಗೆ ವಾಟ್ಸಾಪ್ ಮಾಡುತ್ತಾನೆ. ಹಾರ್ನ್ ಹೊಡೆಯುವವರು ಹೊಡೆಯಲಿ. ಮತ್ತೆ ಬಾಕಿಯನ್ನು ಮೂರು ವರ್ಷ ದಾಟಲು ಬಿಡಬೇಡಿ. ಕೌನ್ಸಿಲ್‌ನಲ್ಲಿ ರಾಜಿಗೆ ಕಾಲಮಿತಿ ಅಡ್ಡ ಬರದಿದ್ದರೂ, ಆರ್ಬಿಟ್ರೇಶನ್ (ಪಂಚಾಯ್ತಿ ತೀರ್ಪು) ಹಂತಕ್ಕೆ ಹೋದರೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ.

ನಾನೂ ಸಾಚಾ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಿಂದಿನ ರಸ್ತೆಯಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವವರೊಬ್ಬರಿದ್ದಾರೆ. ನಮಗಿಂತ ಚಿಕ್ಕ ಶೆಡ್ಡು, ನಾಲ್ಕೇ ಜನ. ಅವರ 31 ಸಾವಿರದ ಬಿಲ್ಲು ನನ್ನ ಟೇಬಲ್ ಮೇಲೆ 52 ದಿನದಿಂದ ಇತ್ತು. ಅವರೂ ಫೋನ್ ಮಾಡುತ್ತಾರೆ. "ಅಮ್ಮಾ, ಸ್ವಲ್ಪ ನೋಡಿ" ಅಂತಾರೆ. ನಾನು "ಮೇಲಿಂದ ಬಂದಿಲ್ಲ ಅಣ್ಣಾ, ಬಂದ ತಕ್ಷಣ" ಅಂತೀನಿ. ಕಾಯ್ದೆ ಪ್ರಕಾರ ಅವರಿಗೆ ನಾನೂ ಬಡ್ಡಿ ಕೊಡಬೇಕು. ಅವರು ಕೇಳಿಲ್ಲ. ಯಾಕೆ ಕೇಳಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಪತ್ರ ಬರೆಯಲು ಕೂತಾಗ ನಾಚಿಕೆಯಾಗಿ, ಮೊದಲು ಅವರ ದುಡ್ಡು ಹಾಕಿದೆ. ಬಡ್ಡಿ ಹಾಕಲಿಲ್ಲ. ಒಡಿಯಲ್ಲಿ ಅಷ್ಟೇ ಉಳಿದಿತ್ತು.

131 ದಿನ ತೆಗೆದುಕೊಂಡ ಪಾರ್ಟಿಯ ಹೆಸರು ಈ ಪತ್ರದಲ್ಲಿ ಎಲ್ಲೂ ಇಲ್ಲ. ನನ್ನ ಹೆಸರೂ ಇಲ್ಲ. ನಾಳೆ ಬೆಳಿಗ್ಗೆ ಅವರಿಗೇ 400 ಬುಷ್ ಲೋಡ್ ಆಗಬೇಕು, ತಮ್ಮ ಇನ್ನೂ ಮಷೀನ್ ಹತ್ತಿರವೇ ಇದ್ದಾನೆ.

ಇಂತಿ,
ಪೀಣ್ಯದ ಒಬ್ಬ ಸಣ್ಣ ಉದ್ಯಮಿ